ಕಡಿತದ ಪಟ್ಟಿ

ಕಡಿತ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಖರ್ಚು ಇಳಿಸಿದರೂ ಕಡಿತ, ನಾಯಿ ಬಾಯಿ ಹಾಕಿದರೂ ಕಡಿತ. ಇದು ಶಾಲೆಯ ಮುಖ ನೋಡದವರಿಗೂ ಗೊತ್ತು. ಲೋಯರ್ ಸೆಕೆಂಡರಿ ಪಾಸು ಮಾಡಿ, ನನ್ನಷ್ಟು ದುಂಡಗೆ ಬರೆಯುವವರು ತಾಲ್ಲೂಕಿನಲ್ಲಿಲ್ಲ ಎಂಬ ಜಂಬದಿಂದ ಪುರಸಭೆಯ ಗುಮಾಸ್ತನಾಗಿದ್ದ ನನಗೆ ಮಾತ್ರ ಒಂದು ಮಧ್ಯಾಹ್ನ ಅದು ಗೊತ್ತಾಗಲಿಲ್ಲ. ಆ ಮಧ್ಯಾಹ್ನದ ಕತೆಯನ್ನು ತುಂಡುತುಂಡಾಗಿ ಒಬ್ಬಿಬ್ಬರಿಗೆ ಹೇಳಿದ್ದೇನೆ. ಪೂರ್ತಿ ಹೇಳುತ್ತಿರುವುದು ಇದೇ ಮೊದಲು.

ಊರಿನ ಹೆಸರು ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆಗೂ ಬಸ್ಸು ಸಿಗುತ್ತಿದ್ದ ಒಂದು ಸಣ್ಣ ಊರು ಎಂದರೆ ಸಾಕು. ಅಂದಿನ ಮೆಂಬರುಗಳ ಮೊಮ್ಮಕ್ಕಳು ಈಗ ಮಂಡಿ, ವಕೀಲಿ, ಡಾಕ್ಟರಿಕೆ ಎಂದು ಚೆನ್ನಾಗಿದ್ದಾರೆ. ಎದುರು ಸಿಕ್ಕರೆ ನಿಂತು ನಮಸ್ಕಾರ ಮಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ತಾತಂದಿರ ಮೇಲೆ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿಗೆ ಇದೆ.

ಮೂವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಭತ್ತಕ್ಕೂ ತೆಂಗಿನಕಾಯಿಗೂ ಬೆಲೆ ಬಿದ್ದು ಜನ ಕಂದಾಯ ಕಟ್ಟುವುದಕ್ಕೇ ಏದುಸಿರು ಬಿಟ್ಟಿದ್ದರು. ಹಾಗಾಗಿ ಸರ್ಕಾರದ ದುಡ್ಡು ಪೋಲಾಗುತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಕಟ್ಟೆಯ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ನಮ್ಮ ಪುರಸಭೆಯಲ್ಲಿ ಎರಡು ಪಕ್ಷ. ಮಂಡಿ ಸಾಹುಕಾರರು, ಜಮೀನಿದ್ದವರು ಸರಿಗೆ ಪೇಟ ಸುತ್ತಿ ಬರುತ್ತಿದ್ದರು. ಅವರು ಪೇಟದವರು. ಚಿಕ್ಕ ವಯಸ್ಸಿನ ವಕೀಲರು, ಅಂಗಡಿಯವರು ಬಿಳಿ ಟೋಪಿ ಹಾಕಿ ಬರುತ್ತಿದ್ದರು. ಅವರು ಟೋಪಿಯವರು. ಅಧ್ಯಕ್ಷರು ಪೇಟದವರ ಕಡೆ. ಟೋಪಿಯವರಿಗೆ ಮುಂದಾಳು ಒಬ್ಬ ವಕೀಲ. ಈ ಎರಡು ಗುಂಪಿಗೂ ಊರಿನ ಚರಂಡಿ ಯಾವ ಕಡೆಗೆ ಹರಿಯಬೇಕು ಎಂಬುದರಲ್ಲೂ ಒಮ್ಮತವಿರಲಿಲ್ಲ. ಆದರೆ ದಂಡದ ಖರ್ಚು ಕಡಿಯಬೇಕು ಎಂಬುದರಲ್ಲಿ ಇಬ್ಬರೂ ಒಂದೇ. ಯಾರು ಹೆಚ್ಚು ಕಡಿಯುತ್ತಾರೆ ಎಂಬುದರ ಮೇಲೆ ಮಾತ್ರ ಜಗಳ.

ಆ ವರ್ಷ ಬಜೆಟ್ಟಿನ ಮುಂಚೆ ಮೆಂಬರುಗಳೆಲ್ಲ ಚೀಟಿ ಬರೆದು ಬರೆದು ನನ್ನ ಮೇಜಿನ ಮೇಲೆ ಗುಡ್ಡೆ ಹಾಕಿದರು. ದೀಪದೆಣ್ಣೆ ಕಡಿತ, ಪೊರಕೆ ಕಡಿತ, ಜಟಕಾ ಬಾಡಿಗೆ ಕಡಿತ, ಶಾಯಿ ಕಡಿತ. ಪೇಟದವರೊಬ್ಬರು ಬೀದಿದೀಪ ಹುಣ್ಣಿಮೆಯ ವಾರ ಬೇಡವೆಂದು ಬರೆದರೆ, ಟೋಪಿಯವರೊಬ್ಬರು ಹಿಂದಿನ ವಾರವೂ ಬೇಡ, ಮುಂದಿನ ವಾರವೂ ಬೇಡ ಎಂದು ಬರೆದರು. ಸಭೆಯ ದಿನ ಮಧ್ಯಾಹ್ನ ಅಧ್ಯಕ್ಷರು ನನ್ನನ್ನು ಕರೆದರು.

"ಕಡಿತ ಅಂತ ಇರೋವನ್ನೆಲ್ಲಾ ಒಂದೇ ಆಳೆಗೆ ಎತ್ತಿ ಬರ್ಕೊಂಡು ಬಾರಯ್ಯ. ಜಟ್ ಅಂತ ಓದಿ ಮುಗಿಸ್ಬುಡೋಣ" ಎಂದರು.

ಎತ್ತಿ ಬರೆದೆ. ಚೀಟಿಗಳ ಪಕ್ಕದಲ್ಲೇ ಹಳೆಯ ಬಜೆಟ್ ಪುಸ್ತಕ ತೆರೆದಿತ್ತು. ಅದರಲ್ಲಿ ಎಷ್ಟೋ ವರ್ಷದಿಂದ ಒಂದು ಖರ್ಚಿನ ಬಾಬು ಇತ್ತು. ಹುಚ್ಚುನಾಯಿ ಕಚ್ಚಿದವರನ್ನು ನೀಲಗಿರಿ ಬೆಟ್ಟದ ಕೂನೂರಿಗೆ ಕಳಿಸಿ ಸೂಜಿ ಹಾಕಿಸುವ ಬಾಬು. ಅದರ ತಲೆಬರಹ ನಾಯಿ ಕಡಿತ. ನನ್ನ ಕಣ್ಣು ಕಡಿತ ಎಂಬ ಮಾತನ್ನೇ ಹುಡುಕಿಕೊಂಡು ಓಡುತ್ತಿತ್ತು. ಶಾಯಿ ಕಡಿತ ಎಂದು ಬರೆದ ಕೈ ಅದರ ಕೆಳಗೆ ನಾಯಿ ಕಡಿತ ಎಂದೂ ಬರೆಯಿತು. ಅಕ್ಷರ ಚೆನ್ನಾಗಿಯೇ ಬಂದಿತ್ತು.

ಸಭೆಯಲ್ಲಿ ನಾನೇ ಓದಿದೆ. ಶಾಯಿ ಕಡಿತ ಎಂದೆ, ಮಂಜೂರು ಎಂದರು. ನಾಯಿ ಕಡಿತ ಎಂದೆ, ಮಂಜೂರು ಎಂದರು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಇದು ಟೋಪಿಯವರ ಚೀಟಿ ಎಂದು ಪೇಟದವರು ತಿಳಿದರು, ಪೇಟದವರದು ಎಂದು ಟೋಪಿಯವರು ತಿಳಿದರು. ಆ ಹೊತ್ತಿನಲ್ಲಿ ಯಾವುದಾದರೂ ಕಡಿತಕ್ಕೆ ಬೇಡ ಎಂದವನು ದುಂದುಗಾರ ಎಂಬ ಹೆಸರು ಹೊತ್ತು ಮನೆಗೆ ಹೋಗಬೇಕಾಗಿತ್ತು. ಎಲ್ಲ ಮುಗಿದ ಮೇಲೆ ಕೋಡುಬಳೆ ಕಾಫಿ ಬಂತು. ಆ ಖರ್ಚಿಗೆ ಯಾರೂ ಚೀಟಿ ಬರೆದಿರಲಿಲ್ಲ.

ವಾರದ ಮೇಲೆ ಶುದ್ಧಪ್ರತಿ ಬರೆಯಲು ಕೂತಾಗ ನನ್ನ ತಪ್ಪು ನನಗೇ ಕಂಡಿತು. ಎದ್ದು ಹೋಗಿ ಹೇಳಬಹುದಾಗಿತ್ತು. ಅಷ್ಟರಲ್ಲಿ ಗುಮಾಸ್ತರು ಇಬ್ಬರು ಯಾಕೆ, ಒಬ್ಬ ಸಾಲದೇ ಎಂದು ವಕೀಲರು ಹೊಸ ಚೀಟಿ ಕೊಟ್ಟಿದ್ದರು. ತಪ್ಪು ಮಾಡಿದ ಗುಮಾಸ್ತ ಯಾರು ಎಂದು ಗೊತ್ತಾದರೆ ಮನೆಗೆ ಹೋಗುವವನು ಯಾರು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಜೊತೆಗೆ, ಅಧ್ಯಕ್ಷರು ಸಂತೆಯ ಭಾಷಣದಲ್ಲಿ ಆಗಲೇ ಈ ಕಡಿತದ ಬಗ್ಗೆ ಹೇಳಿಕೊಂಡು ಚಪ್ಪಾಳೆ ಹೊಡೆಸಿಕೊಂಡಿದ್ದರು. "ನಾಯಿ ಕಚ್ಚಿಸ್ಕೊಂಡು ಪುಕ್ಕಟೆ ಊಟಿ ನೋಡ್ಕಬರೋ ಜನ ಇದ್ರು ಕಣ್ರಪ್ಪ. ನಿಲ್ಸಿವ್ನಿ" ಎಂದಿದ್ದರು. ಮರುವಾರ ಅದೇ ಸಂತೆಯಲ್ಲಿ ವಕೀಲರು, ಈ ಕಡಿತಕ್ಕೆ ಮೊದಲು ದನಿ ಎತ್ತಿದವರು ನಾವು ಎಂದರು. ನನ್ನ ಕೈತಪ್ಪಿಗೆ ಇಬ್ಬರು ತಂದೆಯರು ಹುಟ್ಟಿದ್ದರು. ಯಾರಿಗಾದರೂ ಕಚ್ಚಿದಾಗ ನೋಡಿಕೊಳ್ಳೋಣ ಎಂದು ನಾನು ಪುಸ್ತಕ ಮುಚ್ಚಿದೆ. ಹೇಡಿತನಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ನೋಡಿಕೊಳ್ಳೋಣ ಎಂಬುದು.

ಅಕ್ಕನಿಗೆ ಕಚ್ಚಿತು.

ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು, ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದಳು. ಎಮ್ಮೆ ಕಟ್ಟಿ, ಮಜ್ಜಿಗೆ ಮಾರಿ, ನನ್ನನ್ನು ಓದಿಸಿದಳು. ನನಗೆ ನೌಕರಿ ಸಿಕ್ಕಿದ ದಿನ ಬೀದಿಯ ಎಲ್ಲ ಮನೆಗೂ ಹೋಗಿ, ನಮ್ಮ ಹುಡುಗ ಸರ್ಕಾರದವನಾದ ಎಂದು ಹೇಳಿ ಬಂದಿದ್ದಳು. ಪುರಸಭೆ ಬೇರೆ, ಸರ್ಕಾರ ಬೇರೆ ಎಂದು ಎಷ್ಟು ಹೇಳಿದರೂ ಒಪ್ಪುತ್ತಿರಲಿಲ್ಲ.

ಅವರೆಕಾಯಿ ಕಾಲ. ಬೆಳಿಗ್ಗೆ ಜಗಲಿಯ ಮೇಲೆ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದಳು. ನಾನು ಒಳಗೆ ಕೋಟು ಹಾಕಿಕೊಳ್ಳುತ್ತಿದ್ದೆ. ಕೂಗು ಕೇಳಿ ಹೊರಗೆ ಬಂದರೆ ಒಂದು ಕೆಂಚುನಾಯಿ ಬೀದಿಯ ತುದಿಗೆ ಓಡುತ್ತಿತ್ತು. ಅಕ್ಕ ಕೆನ್ನೆ ಹಿಡಿದುಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಸುರಿದು ಬಟ್ಟಲಿನ ಅವರೆಬೇಳೆಯೆಲ್ಲ ಕೆಂಪಾಗಿತ್ತು.

"ನಾಯಿ ಕಣ್ಲಾ, ಉಲಿ ಏನಲ್ಲ. ನೀ ಯಾಕಂಗೆ ನಡುಗ್ತೀಯ?" ಎಂದಳು. "ಅಯ್ಯೋ, ಬೇಳೆಯೆಲ್ಲ ಆಳಾಯ್ತಲ್ಲ."

ನಾಯಿ ಅದೇ ದಿನ ಇನ್ನೂ ಎರಡು ಕರುಗಳಿಗೆ ಕಚ್ಚಿ, ಜೊಲ್ಲು ಸುರಿಸಿಕೊಂಡು ಸಂತೆಮಾಳದಲ್ಲಿ ಬಿದ್ದು ಸತ್ತಿತು. ನಮ್ಮೂರಿನ ಡಾಕ್ಟರು ಗಾಯ ತೊಳೆದು ಕಾರ್ಬಾಲಿಕ್ ಆಸಿಡ್ ಹಚ್ಚಿದರು. "ಮುಖಕ್ಕೆ ಕಚ್ಚಿದೆ. ಕೈಗೋ ಕಾಲಿಗೋ ಆಗಿದ್ದರೆ ನಾಲ್ಕು ದಿನ ಈಚೆ ಆಚೆ ಆದರೂ ನಡೆಯುತ್ತಿತ್ತು. ಕಾಗದ ನಿನ್ನ ಆಫೀಸಿನಲ್ಲೇ ಇದೆಯಲ್ಲ, ಬೇಗ ಬರೆಸಿಕೊಂಡು ಹೊರಡು" ಎಂದರು.

ಕಾಗದ ಎಂದರೆ ಕೂನೂರಿಗೆ ಹೋಗುವವರ ಕೈಗೆ ಪುರಸಭೆ ಕೊಡುತ್ತಿದ್ದ ಮಂಜೂರಾತಿ ಪತ್ರ. ನಾನೇ ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದೆ. ಅದರ ಕೊನೆಯ ಸಾಲು ಹೀಗಿತ್ತು: ಈ ಪತ್ರವಿಲ್ಲದೆ ಹೋದವರ ಬಗ್ಗೆ ಪುರಸಭೆಯು ಜವಾಬ್ದಾರಿಯಲ್ಲ. ಆ ಸಾಲನ್ನು ಎಷ್ಟು ಸಲ ಬರೆದಿದ್ದೆನೆಂದರೆ, ಪತ್ರವಿಲ್ಲದೆ ಹೋದವರನ್ನು ಅಲ್ಲಿ ಬಾಗಿಲೊಳಗೆ ಬಿಡುವುದಿಲ್ಲ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪ್ರಯಾಣದ ದುಡ್ಡು ದೊಡ್ಡದಲ್ಲ, ಹೇಗೋ ಹೊಂದುತ್ತಿತ್ತು. ಪತ್ರ ಬೇಕಾಗಿತ್ತು. ಪತ್ರ ಬರೆಯಲು ಬಾಬು ಬೇಕು. ಬಾಬನ್ನು ನಾನು ಕೊಂದಿದ್ದೆ.

ಅಧ್ಯಕ್ಷರ ಮನೆಗೆ ಓಡಿದೆ. ಎಲೆ ಹಾಕಿಕೊಳ್ಳುತ್ತಾ ಕೇಳಿದರು.

"ಬಾಬೇ ಇಲ್ವಲ್ಲಯ್ಯ. ನಾನೊಬ್ನೇ ರುಜು ಆಕುದ್ರೆ ಆ ಲಾಯರಿ ಸಂತೇಲಿ ನಿಂತ್ಕೊಂಡು ನನ್ನ ಮಾನ ಕಳೀತಾನೆ. ತುರ್ತು ಸಭೆ ಕರೀತೀನಿ, ಆಗ್ಲಾ?"

ತುರ್ತು ಸಭೆ ಆರನೆಯ ದಿನ ಸೇರಿತು. ಆ ಆರು ದಿನ ಅಕ್ಕ ದಿನವೂ ನಾನು ಮನೆಗೆ ಬಂದ ತಕ್ಷಣ "ಕಾಗ್ದ ಬಂತೇನ್ಲಾ?" ಎನ್ನುತ್ತಿದ್ದಳು. ನಾಳೆ ಎನ್ನುತ್ತಿದ್ದೆ. ಒಂದು ದಿನ ನಾನೇ ಪತ್ರ ಬರೆದು ಅಧ್ಯಕ್ಷರ ರುಜುವನ್ನೂ ನಕಲು ಮಾಡಿದೆ. ಸೀಲು ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಸೀಲಿಲ್ಲದ ಕಾಗದವನ್ನು ನೋಡುತ್ತಾ ಕೂತು, ಹರಿದು ಒಲೆಗೆ ಹಾಕಿದೆ.

ಸಭೆಯಲ್ಲಿ ಮೊದಲು ಬಂದದ್ದು ನಾಯಿಗೆ ಹುಚ್ಚು ಹಿಡಿದಿತ್ತೇ ಇಲ್ಲವೇ ಎಂಬ ಪ್ರಶ್ನೆ. ಹುಚ್ಚು ಹಿಡಿದಿತ್ತು ಎಂದು ಟೋಪಿಯವರು. ಹಾಗೆಂದರೆ ಅಧ್ಯಕ್ಷರ ಆಡಳಿತದಲ್ಲಿ ಊರು ಹುಚ್ಚುನಾಯಿಗಳ ಪಾಲಾಗಿದೆ ಎಂದಾಗುತ್ತದೆ. ಬಿಸಿಲಿಗೆ ಸತ್ತಿತು ಎಂದು ಪೇಟದವರು. ಮಾಗಿಯ ಚಳಿಯಲ್ಲಿ ಬಿಸಿಲು! ಸತ್ತ ನಾಯಿ ಯಾರ ಬೀದಿಯದು, ಅದಕ್ಕೆ ಅನ್ನ ಹಾಕುತ್ತಿದ್ದವರು ಯಾವ ಪಕ್ಷ ಎಂಬಲ್ಲಿಗೂ ಹೋಯಿತು. ನಾನು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಅಕ್ಕನ ಕೆನ್ನೆಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಕಡೆಗೆ ವಕೀಲರು, ಇದೊಂದು ಸಲಕ್ಕೆ ಕೊಡೋಣ, ಆದರೆ ಇದು ಪೇಟದವರ ಕಡಿತದ ಫಲ ಎಂದು ನಡವಳಿಯಲ್ಲಿ ದಾಖಲಾಗಲಿ ಎಂದರು. ಅಧ್ಯಕ್ಷರು, ಕೊಡೋಣ, ಆದರೆ ಖರ್ಚು ಕೇಳಿ ಮೊದಲು ಬಾಯಿ ತೆರೆದವರು ಟೋಪಿಯವರು ಎಂದು ಬರೆಯಲಿ ಎಂದರು. ನಿರ್ಣಯಕ್ಕೆ ಮಂಡಿಸಿದವರು ಎಂದು ಒಬ್ಬರ ಹೆಸರು ಬೇಕು. ಆ ಜಾಗಕ್ಕೆ ಯಾರೂ ಹೆಸರು ಕೊಡಲಿಲ್ಲ. ನಾನು ಲೇಖನಿ ಹಿಡಿದು ಒಬ್ಬೊಬ್ಬರ ಮುಖ ನೋಡಿದೆ. ಒಬ್ಬೊಬ್ಬರೂ ಕಿಟಕಿ ನೋಡಿದರು.

ಆಗ ನನಗೆ ತಡೆಯಲಾಗಲಿಲ್ಲ. ನೌಕರಿ ಹೋದರೆ ಹೋಗಲಿ ಎಂದು ಮುಂದೆ ಬಂದು ಕೈಮುಗಿದೆ.

"ಸ್ವಾಮಿ, ಇದು ಯಾರ ಕಡಿತವೂ ಅಲ್ಲ. ನನ್ನ ಕೈತಪ್ಪು. ನಾಯಿ ಕಡಿತ ಅನ್ನೋ ಬಾಬನ್ನ ನಾನೇ ಅರ್ಥ ತಿಳಿಯದೆ ಪಟ್ಟಿಗೆ ಸೇರಿಸಿದೆ. ನೀವು ಯಾರೂ ಕೇಳಿರಲಿಲ್ಲ. ತಪ್ಪು ಅಂತ ಬರೆದು ಅಳಿಸಿಬಿಡಿ. ನನ್ನ ಅಕ್ಕ ಉಳಿದುಕೊಳ್ಳುತ್ತಾಳೆ."

ನಾನು ಅಂದುಕೊಂಡಿದ್ದೆ, ಎಲ್ಲರಿಗೂ ಇದರಿಂದ ಬಿಡುಗಡೆಯಾಗುತ್ತದೆ, ತಪ್ಪೆಲ್ಲ ನನ್ನ ತಲೆಗೆ ಬಂದರೆ ಇವರು ಹಗುರಾಗುತ್ತಾರೆ ಎಂದು. ಆದದ್ದು ಬೇರೆ. ಅಧ್ಯಕ್ಷರ ಮುಖ ಕೆಂಪಾಯಿತು.

"ಅಂಗಂದ್ರೆ ನಾವಿಷ್ಟು ಜನ ಏನೂ ತಿಳೀದೆ ಕೈ ಎತ್ಬುಟ್ವಿ ಅಂತೀಯೇನಯ್ಯ?"

"ಇದು ಸಭೆಗೆ ಮಾಡಿದ ಅವಮಾನ" ಎಂದು ವಕೀಲರು ಎದ್ದು ನಿಂತರು. "ಆ ಕಡಿತ ಚರ್ಚೆಯಾಗಿ ಆದದ್ದು. ನನಗೆ ಚೆನ್ನಾಗಿ ನೆನಪಿದೆ."

ಚರ್ಚೆಯಾಗಿತ್ತು ಎಂದು ಪೇಟಗಳೂ ತಲೆಯಾಡಿಸಿದವು. ನಾನು ಆ ಪುರಸಭೆಯಲ್ಲಿದ್ದ ಏಳು ವರ್ಷದಲ್ಲಿ ಎರಡು ಪಕ್ಷವೂ ಒಂದಾದದ್ದು ಅದೊಂದೇ ದಿನ. ವಿಷಯವನ್ನು ಮುಂದಕ್ಕೆ ಹಾಕಿ ಎದ್ದರು.

ಮೇಲಿನ ಅಧಿಕಾರಿಯ ಅಪ್ಪಣೆಯಿದ್ದರೆ ಬಾಬಿಲ್ಲದೆಯೂ ಪತ್ರ ಕೊಡಬಹುದು ಎಂದು ನನ್ನ ಜೊತೆಯ ಗುಮಾಸ್ತ ಹೇಳಿದ. ಹಾಸನಕ್ಕೆ ಹೋದೆ. ಸಾಹೇಬರು ಚನ್ನರಾಯಪಟ್ಟಣದ ಕಡೆ ಸರ್ಕೀಟು ಹೋಗಿದ್ದರು. ಚನ್ನರಾಯಪಟ್ಟಣಕ್ಕೆ ಹೋದೆ. ಬೆಳಿಗ್ಗೆಯಿಂದ ಬಂಗಲೆಯ ಮುಂದೆ ನಿಂತು ಸಂಜೆ ಸಾಹೇಬರ ಎದುರಿಗೆ ಹೋದೆ. ಒಳ್ಳೆಯ ಮನುಷ್ಯರು. ಅಯ್ಯೋ ಪಾಪ ಎಂದರು. ಅಧ್ಯಕ್ಷರಿಂದ ಎರಡು ಸಾಲು ಶಿಫಾರಸು ತಂದರೆ ಆಗಲೇ ಅಪ್ಪಣೆ ಕೊಡುತ್ತೇನೆ, ಎರಡು ದಿನದಲ್ಲಿ ಹಾಸನಕ್ಕೇ ಬಂದಿರುತ್ತೇನೆ ಎಂದರು. ಊರಿಗೆ ವಾಪಸು ಬಂದರೆ ಅಧ್ಯಕ್ಷರು ಮಗಳ ಮನೆಗೆಂದು ಅರಕಲಗೂಡಿಗೆ ಹೊರಟುಹೋಗಿದ್ದರು. ಅಷ್ಟು ಹೊತ್ತಿಗೆ ಹತ್ತು ದಿನ. ಬಸ್ಸಿನ ಇಂಜಿನು ಹತ್ತದೆ ಡ್ರೈವರು ಹ್ಯಾಂಡಲು ತಿರುಗಿಸುತ್ತಾ ನಿಂತಿದ್ದರೆ ನನಗೆ ಅವನ ಕುತ್ತಿಗೆ ಹಿಸುಕಬೇಕು ಎನಿಸುತ್ತಿತ್ತು. ದೇವರಿಗೆ ಬೈದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನಗುತ್ತಿದ್ದವರನ್ನೂ ಬೈದೆ.

ಅರಕಲಗೂಡಿನಲ್ಲಿ ಅಧ್ಯಕ್ಷರು ಬೀಗರ ಜಗಲಿಯ ಮೇಲೆ ಕೂತಿದ್ದರು. ಕಾಲು ಹಿಡಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟು ಹೇಳಬೇಕು. "ನೋಡಯ್ಯ, ಒಂದು ದಾರಿ ಅದೆ. ಗುಮಾಸ್ತ ಒಬ್ಬ ಸಾಕು ಅಂತ ಲಾಯರಿ ಚೀಟಿ ಐತಲ್ಲ, ನೀನೇ ರಾಜೀನಾಮೆ ಬರ್ಕೊಟ್ಬುಡು. ಒಂದು ಕಡೆ ಉಳೀತು, ಒಂದು ಕಡೆ ಖರ್ಚಾಯ್ತು ಅಂತ ನಾನು ತಲೆ ಎತ್ಕೊಂಡು ಯೋಳ್ಬೋದು" ಎಂದರು. ನಿಂತ ನಿಲುವಿನಲ್ಲೇ ಬರೆದುಕೊಟ್ಟೆ. ಅಕ್ಕ ಮಜ್ಜಿಗೆ ಮಾರಿ ಕೊಡಿಸಿದ್ದ ನೌಕರಿ ಅರ್ಧ ಹಾಳೆಯಲ್ಲಿ ಮುಗಿಯಿತು. ಶಿಫಾರಸು ಹಿಡಿದು ಹಾಸನಕ್ಕೆ ಓಡಿ, ಅಪ್ಪಣೆ ತಂದು, ಅಧ್ಯಕ್ಷರು ಊರಿಗೆ ಮರಳಿ ಪತ್ರಕ್ಕೆ ಸೀಲು ಬೀಳುವ ಹೊತ್ತಿಗೆ ಹದಿಮೂರನೆಯ ದಿನ ಕಳೆದಿತ್ತು.

ಮರುದಿನ ಹೊಳೆನರಸೀಪುರದಲ್ಲಿ ರೈಲು ಹತ್ತಿದೆವು. ಅಕ್ಕ ಆವರೆಗೆ ರೈಲು ಹತ್ತಿದವಳಲ್ಲ. ಗಾಯ ಮೇಲಕ್ಕೆ ಒಣಗಿತ್ತು. ಆದರೆ ಕೆನ್ನೆ ಜುಮುಜುಮು ಎನ್ನುತ್ತದೆ ಎಂದು ಉಜ್ಜಿಕೊಳ್ಳುತ್ತಿದ್ದಳು. ಪತ್ರವನ್ನು ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಸೀಲನ್ನು ಬೆರಳಿನಿಂದ ಸವರಿ, ಮಡಿಚಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. "ನೀನು ಸರ್ಕಾರದಾಗಿರೋಕೆ ಸಿಕ್ತು. ಬ್ಯಾರೇರ್ಗೆ ಎಲ್ಲಿ ಸಿಗ್ತಿತ್ತು?" ಎಂದಳು. ಆ ಸರ್ಕಾರ ಬಿಟ್ಟು ಮೂರು ದಿನವಾಗಿದೆ ಎಂದು ನಾನು ಹೇಳಲಿಲ್ಲ.

ಮೈಸೂರಿನಲ್ಲಿ ಬೆಟ್ಟದ ಬಸ್ಸಿಗೆ ಕಾಯುವಾಗ ನೀರು ತಂದುಕೊಟ್ಟೆ. ಲೋಟ ಬಾಯಿಯ ಹತ್ತಿರ ತಂದವಳು ಬೆಚ್ಚಿ ಕೆಳಗಿಟ್ಟಳು. ಗಂಟಲು ಕಟ್ಟಿದೆ ಕಣ್ಲಾ ಎಂದಳು. ಘಟ್ಟ ಹತ್ತುವಾಗ ಕಿಟಕಿಯ ಗಾಳಿ ಮುಖಕ್ಕೆ ಬಡಿದರೆ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ನೀರಿಗೆ ಗಂಟಲು ಕಟ್ಟಿತೆಂದರೆ ಆಮೇಲೆ ಯಾವ ಸೂಜಿಯೂ ನಾಟುವುದಿಲ್ಲ ಎಂದು ಡಾಕ್ಟರು ನನಗೆ ಮೊದಲ ದಿನವೇ ಹೇಳಿದ್ದರು. ಗೊತ್ತಿದ್ದೂ, ಪತ್ರ ಇದೆಯಲ್ಲ, ಪತ್ರ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೂನೂರಿನ ಆಸ್ಪತ್ರೆಯ ಬಾಗಿಲು ಹಾರು ಹೊಡೆದಿತ್ತು. ಒಬ್ಬ ಕಾಂಪೌಂಡರು ಎದ್ದು ಬಂದ. ನಾನು ಅಕ್ಕನ ಸೆರಗಿನ ಗಂಟಿನಿಂದ ಪತ್ರ ಬಿಚ್ಚಿಕೊಂಡು ಚಾಚಿದೆ. ಅವನು ಅದನ್ನು ನೋಡಲೂ ಇಲ್ಲ. ಅಕ್ಕನ ಕೆನ್ನೆ ನೋಡಿದ. "ಯಾವಾಗ ಕಚ್ಚಿದ್ದು?" ಎಂದು ಅರೆಬರೆ ಕನ್ನಡದಲ್ಲಿ ಕೇಳಿದ. ಹದಿನಾರು ದಿನ ಎಂದೆ. ಅವನು ಒಳಗೆ ಡಾಕ್ಟರನ್ನು ಕರೆಯಲು ಓಡಿದ.

ನನ್ನ ಕೈ ಚಾಚಿದ ಹಾಗೇ ಇತ್ತು. ಪಕ್ಕದ ಬೆಂಚಿನಲ್ಲಿ ಹೊಟ್ಟೆಗೆ ಸೂಜಿ ಹಾಕಿಸಿಕೊಂಡು ಒಬ್ಬ ರೈತ ಕೂತಿದ್ದ. ಕನ್ನಡ ಕೇಳಿ ಅವನ ಮುಖ ಅರಳಿತು. ರಾಮನಾಥಪುರದ ಕಡೆಯವನು, ಹೊಗೆಸೊಪ್ಪು ಬೆಳೆಯುವವನು. ನಿನ್ನ ಕಾಗದವನ್ನು ಯಾರಿಗೆ ಕೊಟ್ಟೆ ಎಂದು ಕೇಳಿದೆ.

"ಕಾಗ್ದವಾ? ಯಾವ ಕಾಗ್ದ ಸಾ?" ಎಂದ. "ನಾಯಿ ಕಚ್ತು, ಮಾರ್ನೆ ದಿನ ಒಂಟು ಬಂದ್ಬುಟ್ಟೆ. ಇಲ್ಲಿ ಯಾರೂ ಏನೂ ಕೇಳ್ನಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಕ್ಕ ಕೇಳಿಸಿಕೊಂಡಿದ್ದಳು. ಬಾಯಿ ತುಂಬ ಜೊಲ್ಲು ತುಂಬಿ ಮಾತು ಕಷ್ಟವಾಗಿತ್ತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು.

"ಅಂಗಾರೆ ಮೊದಲ್ನೇ ದಿನ್ವೇ ಬರ್ಬೋದಿತ್ತೇನ್ಲಾ?"

"ಬರಬಹುದಾಗಿತ್ತು" ಎಂದೆ.

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. "ಓಗ್ಲಿ ಬುಡು. ನಿಂಗೂ ಗೊತ್ತಿರ್ನಿಲ್ವಲ್ಲ. ನಿಂದೇನೂ ತಪ್ಪಿಲ್ಲ ಕಣಪ್ಪ" ಎಂದಳು.

ಪಟ್ಟಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನನ್ನ ಅಕ್ಷರ, ನಾನು ಮುಚ್ಚಿದ ಪುಸ್ತಕ, ನಾನು ಬಾಯಿ ಬಿಡದೆ ಕಳೆದ ತಿಂಗಳುಗಳು, ಯಾವುದೂ ಗೊತ್ತಿರಲಿಲ್ಲ. ಆಗಲೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರು ಬಂದು ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟಾಗ ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಯಾರೆಂದು ಅವಳಿಗೆ ಗುರುತು ಸಿಗಲಿಲ್ಲ.